ದಾನಪತ್ರ

ಭಾನುವಾರ, ನವೆಂಬರ್ ೧೭

ನನ್ನ ಮುದ್ದಿನ ಗುಬ್ಬಿಗೆ,

ನಿನ್ನ ಅಕ್ಕ ಬರೆಯುತ್ತಿದ್ದಾಳೆ. ಮೊಣಕಾಲು ಒಂದನ್ನು ಬಿಟ್ಟರೆ ನಾನು ಚೆನ್ನಾಗಿಯೇ ಇದ್ದೇನೆ. ನೀವೆಲ್ಲ ಆರೋಗ್ಯವಾಗಿದ್ದೀರಿ, ಮಗಳ ಕೆಮ್ಮು ಹೋಯಿತು ಅಂತ ನಿನ್ನ ಕಾಗದದಿಂದ ತಿಳಿದು ಸಮಾಧಾನವಾಯಿತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಬೈದರೂ ಸರಿ, ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೇ" ಅಂತ ಇಟ್ಟುಬಿಡುತ್ತಿದ್ದೆ. ಒಬ್ಬಂಟಿ ಹೆಂಗಸಿಗೆ ಅಷ್ಟೊಂದು ಹಾಲು ಯಾತಕ್ಕೆ ಅಂತ ನಿನಗೂ ಅನ್ನಿಸಿರಬೇಕು.

ಇಲ್ಲಿ ಲ್ಯಾಬಿನ ಕೆಲಸ ಎಂದಿನಂತೆ ನಡೆದಿದೆ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮೇಣದಲ್ಲಿ ಒಸಡು ಕಟ್ಟಿ ಹಲ್ಲು ಕೂರಿಸುತ್ತೇನೆ. ನಮ್ಮ ಮಾಲೀಕರಿಗೆ ಕಣ್ಣು ಮಂಜಾಗಿರುವುದರಿಂದ ಮುಂದಿನ ಹಲ್ಲುಗಳ ಕೆಲಸವೆಲ್ಲ ನನ್ನ ಮೇಜಿಗೇ ಬರುತ್ತದೆ. ಮೊನ್ನೆ ಒಬ್ಬ ಅಜ್ಜ ಖುದ್ದಾಗಿ ಬಂದು, ಈ ಸೆಟ್ಟು ಹಾಕಿಕೊಂಡು ನಕ್ಕರೆ ನಾನು ನನ್ನ ಷಡ್ಡಕನ ಥರ ಕಾಣುತ್ತೇನೆ, ಹೆಂಡತಿ ತಮಾಷೆ ಮಾಡುತ್ತಾಳೆ, ಬದಲಾಯಿಸಿ ಕೊಡಿ ಅಂತ ಕೂತುಬಿಟ್ಟರು. ಎರಡು ಹಲ್ಲು ಸ್ವಲ್ಪ ಓರೆ ಮಾಡಿ ಕೊಟ್ಟೆ. ಈಗ ನಾನು ನಾನೇ ಅಂತ ಕನ್ನಡಿ ನೋಡಿಕೊಂಡು ಹೋದರು.

ಹೀಗೆಯೇ ಇನ್ನೆರಡು ಪುಟ ಲ್ಯಾಬಿನ ಸುದ್ದಿ ಬರೆದು ಮುಗಿಸಿಬಿಡೋಣ ಅಂತ ಮನಸ್ಸು ಹೇಳುತ್ತಿದೆ. ಬೇಡ, ವಿಷಯಕ್ಕೆ ಬರುತ್ತೇನೆ.

ನೀನು ಬರೆದಿದ್ದೀಯ, ಅಕ್ಕ ತನ್ನ ಪಾಲಿಗೆ ಬಂದ ಮನೆಯನ್ನು ಮಾಜಿ ಗಂಡನ ಹೆಂಡತಿಗೂ ಮಗಳಿಗೂ ಬಿಟ್ಟುಕೊಟ್ಟ ಕಥೆಯನ್ನು ಅಲ್ಲಿ ಎಲ್ಲರಿಗೂ ಹೇಳಿದೆ, ನಿಮ್ಮ ಅತ್ತೆಯೂ ಕಣ್ಣೊರೆಸಿಕೊಂಡು ಇಂಥವರು ಈ ಕಾಲದಲ್ಲಿ ಸಿಗುವುದಿಲ್ಲ ಅಂದರು ಅಂತ. ಮೊದಲು "ಯಾರು ಏನೇ ಅಂದರೂ ಬಿಡಬೇಡಕ್ಕ" ಅಂದವಳೂ ನೀನೇ ಅನ್ನುವುದು ಬೇರೆ ಮಾತು. ನಿನ್ನ ಕಾಗದವನ್ನು ಮಡಚಿ ದಿಂಬಿನ ಕೆಳಗಿಟ್ಟೆ. ಮತ್ತೆ ತೆಗೆದು ಓದಲು ಮುಖವಿರಲಿಲ್ಲ. ಬೇರೆಯವರು ಹೊಗಳಿದಾಗ ಸುಮ್ಮನಿದ್ದುಬಿಟ್ಟೆ. ನಿನ್ನ ಎದುರಿಗೂ ಸುಮ್ಮನಿದ್ದರೆ ನನಗೆ ಅಂತ ನಿಜ ಹೇಳುವ ಒಂದು ಜಾಗವೂ ಉಳಿಯುವುದಿಲ್ಲ.

ನಿನ್ನ ಭಾವ ಅಂತ ಬರೆಯಲು ಕೈ ಹೋಯಿತು ನೋಡು. ಈಗ ಹಾಗೆ ಕರೆಯುವ ಹಾಗಿಲ್ಲ, ಬೇರೆ ಏನನ್ನಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅವರು ಅಂತಲೇ ಬರೆಯುತ್ತೇನೆ. ಆ ಮನೆ ಕೊಂಡಾಗ ನೀನಿನ್ನೂ ಕಾಲೇಜಿನಲ್ಲಿದ್ದೆ. ಅವರಿಗೆ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಖಾಯಂ ಆಗಿತ್ತು. ಸಾಲ ಕೊಟ್ಟ ಬ್ಯಾಂಕಿನ ಮ್ಯಾನೇಜರು, ಇಬ್ಬರೂ ಒಂದೊಂದು ಉಯಿಲು ಮಾಡಿಸಿ ನೋಂದಣಿ ಮಾಡಿಸಿಬಿಡಿ, ನಾಳೆ ಯಾರಿಗೂ ತಲೆನೋವು ಇರುವುದಿಲ್ಲ ಅಂದರು. ಒಂದೇ ದಿನ, ಒಬ್ಬರೇ ವಕೀಲರ ಹತ್ತಿರ ಇಬ್ಬರೂ ಬರೆಸಿದೆವು. ಅವರದ್ದೆಲ್ಲ ನನಗೆ, ನನ್ನದೆಲ್ಲ ಅವರಿಗೆ. ಆಗ ನನ್ನದು ಅಂತ ಇದ್ದದ್ದು ಒಂದು ಹೊಲಿಗೆ ಯಂತ್ರ, ಒಂದು ಜೊತೆ ಓಲೆ. ನಾನು ಸತ್ತರೆ ಆ ಓಲೆ ಹಾಕಿಕೊಂಡು ಲಿಫ್ಟ್ ರಿಪೇರಿಗೆ ಹೋಗುತ್ತೀರಾ ಅಂತ ಕೇಳಿ ದಾರಿಯುದ್ದಕ್ಕೂ ನಕ್ಕಿದ್ದೆವು.

ಆಮೇಲಿನದ್ದು ನಿನಗೆ ಗೊತ್ತೇ ಇದೆ. ಮಕ್ಕಳಾಗಲಿಲ್ಲ. ಜಗಳ ಅಂತ ಹೇಳಿಕೊಳ್ಳುವಂಥದ್ದೂ ಆಗಲಿಲ್ಲ. ಮಾತು ಕಮ್ಮಿಯಾಗುತ್ತಾ ಹೋಗಿ, ಕೊನೆಗೆ ಉಪ್ಪು ಎಲ್ಲಿದೆ, ಬೀಗ ಎಲ್ಲಿದೆ ಅನ್ನುವುದಷ್ಟೇ ಉಳಿಯಿತು. ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದೆವು. ನನಗೆ ಬರಬೇಕಾದ್ದನ್ನು ಅವರು ಅಂದೇ ಕೊಟ್ಟರು. ಮನೆ ಅವರಿಗೆ ಉಳಿಯಿತು. ಆಮೇಲೆ ಅವರು ಮದುವೆಯಾದರು, ಒಬ್ಬಳು ಮಗಳಾದಳು.

ಅವರ ಉಯಿಲು ಹಾಗೇ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನದು ಹಾಗೇ ಉಳಿದಿದೆ ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು. ಇದನ್ನು ನಿನಗೂ ಹೇಳಿರಲಿಲ್ಲ. ಬದಲಾಯಿಸಿಬಿಡೋಣ ಅಂತ ಎಷ್ಟೋ ಸಲ ಹೊರಟಿದ್ದೇನೆ. ವಕೀಲರ ಕಚೇರಿಯ ಮೆಟ್ಟಿಲ ತನಕ ಹೋಗಿ, ಪಕ್ಕದ ಅಂಗಡಿಯಲ್ಲಿ ಬಟ್ಟೆ ಸೋಪು ಕೊಂಡು ವಾಪಸ್ಸು ಬಂದಿದ್ದೇನೆ. ನಾನು ಹೋದ ಮೇಲೆ ಒಂದು ದಿನ ಯಾರೋ ಅವರ ಕೈಗೆ ಆ ಕಾಗದ ಕೊಡುತ್ತಾರೆ, ಇವಳು ನನ್ನ ಹೆಸರನ್ನು ತೆಗೆದೇ ಇರಲಿಲ್ಲ ಅಂತ ಅವರಿಗೆ ತಿಳಿಯುತ್ತದೆ ಅನ್ನುವ ಆಸೆ. ಸತ್ತ ಮೇಲೆ ಹೇಳುವುದಾದರೆ ಯಾರಿಗೂ ಮುಖ ತೋರಿಸಬೇಕಾಗಿಲ್ಲವಲ್ಲ.

ಆದರೆ ಮೊದಲು ಹೋದದ್ದು ಅವರು. ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತರಂತೆ, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತಂತೆ. ಅವರ ಕಂಪನಿಯವರೊಬ್ಬರು ಬಸ್ ಸ್ಟಾಪಿನಲ್ಲಿ ಸಿಕ್ಕಿ ಹೇಳಿದರು. ನಾನು ಹೋಗಲಿಲ್ಲ. ಹೋಗಿ ಯಾರ ಪಕ್ಕ ನಿಲ್ಲಲಿ?

ಸ್ವಲ್ಪ ದಿನದ ಮೇಲೆ ಒಬ್ಬ ವಕೀಲಮ್ಮ ಫೋನ್ ಮಾಡಿ ಬರಹೇಳಿದರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಮೆಟ್ಟಿಲೆಲ್ಲ ಹೊಸ ಚರ್ಮದ ವಾಸನೆ. ನಿನಗಿಂತ ಚಿಕ್ಕವರು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಅವರು ಹೇಳಿದ್ದು ಇಷ್ಟು. ಮನೆಯನ್ನು ತನ್ನ ಮತ್ತು ಮಗಳ ಹೆಸರಿಗೆ ಮಾಡಿಸಿಕೊಳ್ಳಲು ಆಕೆ, ಅಂದರೆ ಅವರ ಎರಡನೇ ಹೆಂಡತಿ, ಈ ವಕೀಲಮ್ಮನ ಹತ್ತಿರ ಬಂದಿದ್ದಾಳೆ. ನೋಂದಣಿ ಕಚೇರಿಯಲ್ಲಿ ಹುಡುಕಿಸಿದಾಗ ಹಳೆಯ ಉಯಿಲು ಸಿಕ್ಕಿದೆ. ಅದರಲ್ಲಿ ಮನೆ ನನಗೆ ಅಂತ ಇದೆ.

"ಮದುವೆ ಮುರಿದರೂ ಉಯಿಲು ತಾನಾಗಿ ಮುರಿಯೋದಿಲ್ಲ. ಬರೆದವರೇ ಬದಲಾಯಿಸಬೇಕಿತ್ತು. ಅವರು ಬದಲಾಯಿಸಿಲ್ಲ, ಹಾಗಾಗಿ ಮನೆ ನಿಮ್ಮದು" ಅಂದರು.

ಗುಬ್ಬಿ, ನನಗೆ ಸಂತೋಷವಾಯಿತು. ಆ ಹೆಂಗಸಿನ ಗತಿಯೇನು, ಹುಡುಗಿಯ ಗತಿಯೇನು ಅಂತ ಒಂದು ಗಳಿಗೆಯೂ ಅನ್ನಿಸಲಿಲ್ಲ. ಮನೆಯ ಆಸೆಯೂ ಆಗ ಇರಲಿಲ್ಲ. ನಾನು ಇಟ್ಟುಕೊಂಡ ಹಾಗೆ ಅವರೂ ನನ್ನ ಹೆಸರನ್ನು ಇಟ್ಟುಕೊಂಡಿದ್ದರು, ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕೆಲಸ ಮಾಡಿದ್ದೇವೆ ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಲ್ಯಾಬಿಗೆ ಹೋಗಿ ಒಬ್ಬರ ಮೇಲಿನ ಸೆಟ್ಟಿಗೆ ಇನ್ನೊಬ್ಬರ ಕೆಳಗಿನ ಸೆಟ್ಟು ಕಟ್ಟಿ ಡಬ್ಬಿಗೆ ಹಾಕಿದೆ. ಮಾಲೀಕರು ತೆಗೆದು ನೋಡಿ, ಏನಮ್ಮ, ಯಾರ ಬಾಯನ್ನು ಯಾರಿಗೆ ಹಾಕುತ್ತಿದ್ದೀಯ ಅಂದರು. ನಕ್ಕೆ. ಆ ವಾರವೆಲ್ಲ ಯಾರು ಏನಂದರೂ ನಗುತ್ತಿದ್ದೆ. ನಿನಗೆ ಫೋನ್ ಮಾಡಿದ್ದೂ ಆಗಲೇ. ನೀನು ಬಿಡಬೇಡ ಅಂದೆ. ನಾನು ಬಿಡುವ ಯೋಚನೆಯಲ್ಲೇ ಇರಲಿಲ್ಲ.

ಮನೆ ನೋಡಲು ಒಂದು ಭಾನುವಾರ ಮಧ್ಯಾಹ್ನ ಹೋದೆ. ಮುಂಚೆ ಫೋನ್ ಮಾಡಿ ತಿಳಿಸಿದ್ದೆ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೆ. ಆದರೆ ಹೊರಡುವ ಮುಂಚೆ ಕನ್ನಡಿ ಮುಂದೆ ನಿಂತದ್ದನ್ನು ನೆನೆಸಿಕೊಂಡರೆ ಈಗ ಕಿವಿ ಬಿಸಿಯಾಗುತ್ತದೆ. ತಲೆ ಎರಡು ಸಲ ಬಿಚ್ಚಿ ಬಾಚಿದೆ. ತೀರಿಕೊಂಡವರ ಮನೆಗೆ ಹೋಗುವವಳು ಅವರೇ ಬಾಗಿಲು ತೆಗೆಯುತ್ತಾರೇನೋ ಅನ್ನುವ ಹಾಗೆ ಸಿಂಗರಿಸಿಕೊಂಡಿದ್ದೆ.

ಬಾಗಿಲು ತೆಗೆದದ್ದು ಆಕೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ದಿನವಿಡೀ ಹೆದರಿದವರ ಪಕ್ಕದಲ್ಲಿ ಕೂತು, ತನ್ನ ಕಾಲ ಕೆಳಗೂ ಒಂದು ಬ್ರೇಕು ಇಟ್ಟುಕೊಂಡು, ಪರವಾಗಿಲ್ಲ, ನಿಧಾನವಾಗಿ ಬಿಡಿ ಅನ್ನುವ ಕೆಲಸ. ಅದೇ ದನಿಯಲ್ಲಿ "ಬನ್ನಿ ಅಕ್ಕ" ಅಂದಳು. ಒಳಗೆ ತಿರುಗಿ ಮಗಳನ್ನು ಕೂಗಿ, "ದೊಡ್ಡಮ್ಮ ಬಂದಿದ್ದಾರೆ, ನೀರು ತಗೊಂಡು ಬಾ" ಅಂದಳು.

ನಿನ್ನ ಮಗಳೊಬ್ಬಳನ್ನು ಬಿಟ್ಟರೆ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ. ಹುಡುಗಿ ಹೈಸ್ಕೂಲಿನವಳು. ಕಿವಿ ಮಾತ್ರ ಥೇಟ್ ಅವರದ್ದೇ, ಸ್ವಲ್ಪ ಹೊರಗೆ ಚಾಚಿಕೊಂಡಿದೆ. ನೀರಿನ ಲೋಟವನ್ನು ನನ್ನ ಮುಖ ನೋಡದೆ ಇಟ್ಟು ಗೋಡೆಗೆ ಒರಗಿ ನಿಂತಳು. ಕಥೆಗಳಲ್ಲಾದರೆ ಆಗ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ನೀರು ಕುಡಿದು ಎದ್ದು, ಮನೆ ನೋಡುತ್ತೇನೆ ಅಂದೆ.

ನೋಡಿದೆ ಗುಬ್ಬಿ, ಕೊಳ್ಳಲು ಬಂದವರ ಹಾಗೆ ನೋಡಿದೆ. ನಲ್ಲಿ ತಿರುಗಿಸಿ ನೀರು ಎಷ್ಟು ಜೋರಾಗಿ ಬರುತ್ತದೆ ಅಂತ ನೋಡಿದೆ. ಬಚ್ಚಲಿನ ಗೋಡೆ ಮುಟ್ಟಿ, ಈ ತೇವ ಯಾವಾಗಿನಿಂದ ಅಂತ ಕೇಳಿದೆ. ನಾನಿದ್ದಾಗ ಕಪಾಟು ಇದ್ದ ಕಡೆ ಈಗ ಮಂಚವಿತ್ತು, ಅದನ್ನೂ ಹೇಳಿದೆ. ಆಕೆ ಎಲ್ಲದಕ್ಕೂ ಉತ್ತರ ಕೊಡುತ್ತಾ ಹಿಂದೆ ಹಿಂದೆ ಬಂದಳು. ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು, ನಾನು ನೋಡಲಿ ಅಂತ, ತಾನೇ ಬಗ್ಗಿ ಸರಿಸಿದಳು.

ಹಿಂದಿನ ಸಾಮಾನು ಕೋಣೆ ಈಗ ಹುಡುಗಿಯದ್ದು. ಕಿಟಕಿಗೆ ಹೊಂದಿಸಿ ಓದುವ ಮೇಜು ಹಾಕಿದ್ದಾರೆ. ಅದರ ಮೇಲೆ ಗೋಡೆಗೆ ಯಾವುದೋ ಹಳೆಯ ಲಿಫ್ಟಿನ ಬಟನ್ ಫಲಕವನ್ನೇ ತಂದು ಕೂರಿಸಿದ್ದಾರೆ. ಒಂದು ಒತ್ತಿದರೆ ಮೇಜಿನ ದೀಪ, ಇನ್ನೊಂದು ಒತ್ತಿದರೆ ಫ್ಯಾನು, ಒತ್ತಿದ ಬಟನ್ನಿನ ಸುತ್ತ ಕೆಂಪು ಬೆಳಕು. ಮಗಳಿಗಾಗಿ ಅವರು ಎಷ್ಟು ಭಾನುವಾರ ಕೂತು ಮಾಡಿದ್ದೋ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆ ಕಿಚ್ಚಿಗೆ ನಾನು ಏನು ಮಾತಾಡಿದೆ ಗೊತ್ತಾ?

"ಇದನ್ನ ಕಿತ್ತರೆ ಗೋಡೆ ಹಾಳಾಗುತ್ತಾ?" ಅಂತ ಕೇಳಿದೆ.

ಆಕೆ ಬಾಯಿ ತೆರೆಯುವ ಮುಂಚೆ ಹುಡುಗಿಯೇ ಹೇಳಿದಳು: "ನಾಲ್ಕೇ ಸ್ಕ್ರೂ ಇರೋದು, ದೊಡ್ಡಮ್ಮ. ನಾನೇ ತೆಗೀತೀನಿ."

ಅವಳು ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಹೇಳಿಕೊಟ್ಟ ಮರ್ಯಾದೆ ಮರೆಯಬಾರದು ಅಂತ ಕಷ್ಟಪಟ್ಟು ಹೇಳಿದಳು. ನಾನು ಹೂಂ ಅಂದು ಹೊರಗೆ ಬಂದೆ. ಹುಡುಗಿಯ ಪರೀಕ್ಷೆ ಮುಗಿಯುವ ತನಕ ಇರಿ, ನನಗೇನೂ ಅವಸರವಿಲ್ಲ ಅಂತ ಆಕೆಗೆ ಹೇಳಿದೆ. ಹೇಳುವಾಗ ನಾನೇನೋ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅನ್ನಿಸಿತ್ತು. ಆಕೆ ಆಗಲಿ ಅಂದಳು. ಚಹಾ ಕುಡಿದೇ ಹೋಗಿ ಅಂತ ಬಲವಂತ ಮಾಡಿದಳು. ಕುಡಿದೆ. ಅದನ್ನೂ ಬಿಡಲಿಲ್ಲ.

ಚಪ್ಪಲಿ ಮೆಟ್ಟಿಕೊಂಡ ಮೇಲೆ, ಬಾಗಿಲಲ್ಲಿ, ನಾನು ನಿಜವಾಗಿ ಕೇಳಲು ಬಂದದ್ದನ್ನು ಕೇಳಿದೆ. ಹುಡುಗಿ ಒಳಗೆ ಹೋಗಿದ್ದಳು.

"ಅವರು ಯಾವಾಗಾದ್ರೂ ನನ್ನ ವಿಷಯ ಮಾತಾಡ್ತಿದ್ರಾ?"

ಆಕೆ ನನ್ನ ಮುಖ ನೋಡಿದಳು. ಬಾಚಿದ ತಲೆಯನ್ನೂ ನೋಡಿದಳು ಅಂತ ಕಾಣುತ್ತದೆ. ತಕ್ಷಣ ಉತ್ತರ ಕೊಡಲಿಲ್ಲ. ನಾನು ಆ ತಡವನ್ನು ಅವಳ ಸಂಕಟ ಅಂದುಕೊಂಡೆ.

"ಮಾತಾಡ್ತಿದ್ರು ಅಕ್ಕ" ಅಂದಳು. "ಈ ಮನೇಲಿ ಸಂಸಾರ ಕಟ್ಟಿ ನಿಲ್ಲಿಸಿದ್ದು ಅವಳು, ಕೊನೆಗೆ ಅವಳಿಗೇ ಸೇರಬೇಕು ಅಂತ ಒಂದು ಸಲ ಅಂದಿದ್ರು. ಅದಕ್ಕೇ ಆ ಉಯಿಲನ್ನ ಮುಟ್ಟಲಿಲ್ಲ."

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಳುತ್ತಾ ಬಂದೆ. ಪಕ್ಕದ ಹೆಂಗಸು ಯಾರು ಹೋದರಮ್ಮ ಅಂತ ಕೇಳಿದಳು. ಹೋದದ್ದಕ್ಕೆ ಅಲ್ಲಮ್ಮ, ಸಿಕ್ಕಿದ್ದಕ್ಕೆ ಅಂದೆ. ನನ್ನ ಹುಚ್ಚು ನೋಡು. ತಲೆ ಮೇಲಿನ ಸೂರು ಕಳೆದುಕೊಳ್ಳುತ್ತಿರುವ ಹೆಂಗಸು ಇಂಥ ಮಾತನ್ನು ನನಗೆ ಯಾಕೆ ಹೇಳಿದಳು, ಅದರಿಂದ ಅವಳಿಗೇನು ಲಾಭ ಅಂತ ಒಂದು ಸಲವೂ ಯೋಚನೆ ಬರಲಿಲ್ಲ.

ಮುಂದಿನ ವಾರ ವಕೀಲಮ್ಮನ ಹತ್ತಿರ ಹೋಗಿ, ಮನೆಯನ್ನು ನನ್ನ ಹೆಸರಿಗೆ ಮಾಡಿಸುವ ಕೆಲಸ ಶುರುಮಾಡಿ ಅಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ. ಅವರು ಬೇಕಂತಲೇ ಆ ಉಯಿಲನ್ನು ಉಳಿಸಿಕೊಂಡಿದ್ದರು, ಆಕೆಯೇ ಬಾಯಿಬಿಟ್ಟು ಹೇಳಿದಳು ಅಂತ ಜಂಭದಿಂದ ಸೇರಿಸಿದೆ. ವಕೀಲಮ್ಮ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಆಕೆ ಹಾಗಂದ್ರಾ?" ಅಂದರು.

ಹೌದು ಅಂದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. ಆಮೇಲೆ, ಇದನ್ನು ಹೇಳಬೇಕೋ ಬೇಡವೋ ಗೊತ್ತಿಲ್ಲ, ಆದರೆ ನೀವು ಸಹಿ ಹಾಕುವ ಮುಂಚೆ ತಿಳಿದಿರುವುದು ಒಳ್ಳೆಯದು ಅಂತ ಶುರುಮಾಡಿದರು. ಈ ವರ್ಷದ ಮೊದಲಲ್ಲಿ, ಬದುಕಿದ್ದಾಗ, ಅವರು ಇದೇ ಕಚೇರಿಗೆ ಬಂದಿದ್ದರಂತೆ. ಆಕೆಯನ್ನೂ ಕರೆದುಕೊಂಡು. ಮನೆ, ಉಳಿತಾಯ ಎಲ್ಲ ಹೆಂಡತಿಗೂ ಮಗಳಿಗೂ ಅಂತ ಹೊಸ ಉಯಿಲು ಬರೆಸಿದರಂತೆ. ಕಾಗದ ಟೈಪಾಗಿ ಸಿದ್ಧವಾಗಿತ್ತು. ಸಾಕ್ಷಿಗೆ ತನ್ನ ಕಂಪನಿಯ ಗೆಳೆಯನೇ ಬೇಕು, ಅವನು ರಜೆಯಿಂದ ಬರಲಿ, ಒಟ್ಟಿಗೆ ಬಂದು ಸಹಿ ಹಾಕುತ್ತೇವೆ ಅಂತ ಹೋದರಂತೆ. ಗೆಳೆಯ ರಜೆ ಮುಗಿಸಿ ಬಂದ. ಕೆಲಸ, ಓಡಾಟ, ಇವತ್ತು ನಾಳೆ ಅಂತ ಉಳಿದುಹೋಯಿತು. ಆಮೇಲೆ ಅವರೇ ಉಳಿಯಲಿಲ್ಲ.

ಹಳೆಯ ಉಯಿಲಿನ ಮಾತು ಬರಲಿಲ್ಲವೇ ಅಂತ ಕೇಳಿದೆ. ಕೇಳದೆ ಎದ್ದು ಬರಬಹುದಿತ್ತು.

"ನಾನು ಎಲ್ಲರನ್ನೂ ಕೇಳೋ ಪ್ರಶ್ನೆ ಅದು. ಹಿಂದೆ ಯಾವುದಾದ್ರೂ ಉಯಿಲು ಇದೆಯಾ ಅಂದೆ. ಸ್ವಲ್ಪ ಯೋಚನೆ ಮಾಡಿ, ಇಲ್ಲ ಅಂದ್ರು. ಹಿಂದೆ ಮದುವೆ ಆಗಿತ್ತಾ ಅಂದೆ. ಆಗಿತ್ತು, ಮುಗಿದುಹೋಯ್ತು, ಅದರದ್ದು ಏನೂ ಬಾಕಿ ಇಲ್ಲ ಅಂದ್ರು." ವಕೀಲಮ್ಮ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಆಕೆ ಪಕ್ಕದಲ್ಲೇ ಕೂತಿದ್ರು."

ಅವರು ನನ್ನ ಮೇಲಿನ ಸಿಟ್ಟಿಗೆ ಹಾಗೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿನಲ್ಲಾದರೂ ನಾನಿರುತ್ತಿದ್ದೆ. ಓಲೆಯ ಮಾತಾಡಿ ನಕ್ಕ ಆ ದಿನವೇ ಅವರ ನೆನಪಿನಲ್ಲಿ ಇರಲಿಲ್ಲ. ನನ್ನ ಹೆಸರು ಆ ಕಾಗದದಲ್ಲಿ ಉಳಿದದ್ದು, ಹಳೇ ಕೋಟಿನ ಜೇಬಿನಲ್ಲಿ ಬಸ್ ಟಿಕೆಟು ಉಳಿಯುತ್ತದಲ್ಲ, ಹಾಗೆ.

ಸಹಿಯಿಲ್ಲದ ಆ ಕಾಗದಕ್ಕೆ ಬೆಲೆಯಿಲ್ಲ, ಕಾನೂನಿನ ಪ್ರಕಾರ ಮನೆ ಈಗಲೂ ನಿಮ್ಮದೇ ಅಂತ ವಕೀಲಮ್ಮ ಹೇಳುತ್ತಲೇ ಇದ್ದರು. ನನಗೆ ಆ ಮನೆಯ ಹೆಸರು ಕೇಳಿದರೇ ಮೈಯೆಲ್ಲ ಮುದುಡುತ್ತಿತ್ತು. ಕರೆಯದ ಮನೆಗೆ ಹೋಗಿ, ಊಟಕ್ಕೂ ಕೂತು, ಯಾರೂ ನನ್ನನ್ನು ಕರೆದೇ ಇರಲಿಲ್ಲ ಅಂತ ಆಮೇಲೆ ತಿಳಿದ ಹಾಗೆ. ಬೇಡ, ತಾಯಿ ಮಗಳಿಗೇ ಬರೆದುಕೊಟ್ಟುಬಿಡುತ್ತೇನೆ ಅಂದೆ. ವಕೀಲಮ್ಮ ದೊಡ್ಡ ಮನಸ್ಸು ನಿಮ್ಮದು ಅಂದರು. ಅಲ್ಲಿಂದ ಶುರುವಾದದ್ದು ಈ ಹೊಗಳಿಕೆ. ಈಗ ಹೇಳು, ಇದರಲ್ಲಿ ಮನಸ್ಸು ದೊಡ್ಡದಾದದ್ದು ಎಲ್ಲಿ? ಸುಟ್ಟ ಪಾತ್ರೆಯನ್ನು ಕೈಬಿಟ್ಟವಳಿಗೆ ಯಾರಾದರೂ ಶಹಭಾಸ್ ಅನ್ನುತ್ತಾರಾ?

ಹೊರಡುವಾಗ ವಕೀಲಮ್ಮ, ನಿಮ್ಮದೂ ಒಂದು ಉಯಿಲು ಅದೇ ದಿನದ್ದು ನೋಂದಣಿಯಾಗಿದೆಯಲ್ಲ, ಅದರಲ್ಲಿ ಈಗಲೂ ಅವರ ಹೆಸರೇ ಇದೆ, ಗೊತ್ತಿತ್ತಾ ಅಂತ ಕೇಳಿದರು. "ಅಯ್ಯೋ, ನೆನಪೇ ಇರಲಿಲ್ಲ ನೋಡಿ" ಅಂದೆ. ಎಷ್ಟು ಚೆನ್ನಾಗಿ ಬಂತು ಆ ಸುಳ್ಳು.

ನೋಂದಣಿ ಕಚೇರಿಯಲ್ಲಿ ಬರೆದುಕೊಟ್ಟ ಕಾಗದಕ್ಕೆ ದಾನಪತ್ರ ಅಂತ ಹೆಸರು. ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು, ಪ್ರೀತಿ ವಿಶ್ವಾಸದಿಂದ ಸ್ವಂತ ಇಚ್ಛೆಯಿಂದ ದಾನ ಮಾಡಿರುತ್ತೇನೆ ಅಂತೆಲ್ಲ. ಆಕೆ ನನ್ನ ಪಕ್ಕದ ಬೆಂಚಿನಲ್ಲಿ ಕೂತು ಕೇಳುತ್ತಿದ್ದಳು. ಯಾರು ಯಾರಿಗೆ ದಾನ ಮಾಡಿದ್ದು ಅಂತ ಆ ಕಾಗದಕ್ಕೆ ಏನು ಗೊತ್ತು? ಬಾಗಿಲಲ್ಲಿ ನಿಂತು ನಾನು ಕೈಚಾಚಿದ್ದೆ, ಆಕೆ ತನ್ನ ಕೈಯಲ್ಲಿ ಬೇರೇನೂ ಉಳಿದಿಲ್ಲದಾಗಲೂ ಒಂದು ಮಾತು ಹಾಕಿ ಕಳಿಸಿದಳು. ಸಹಿಯಾಗದ ಆ ಕಾಗದವನ್ನು ನನ್ನ ಮುಖದ ಮುಂದೆ ಹಿಡಿದು, ನೋಡು, ನೀನು ಯಾರೂ ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಸಹಿಯಾದ ಮೇಲೆ ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಯಾಕಕ್ಕ ಅಂತ ಕೇಳಿದಳು. ನಿಜ ಹೇಳಲು ಅದೇ ಹೊತ್ತಾಗಿತ್ತು. ನನಗೆ ಒಬ್ಬಳಿಗೆ ಅಷ್ಟು ದೊಡ್ಡ ಮನೆ ಯಾಕೆ, ಹುಡುಗಿ ಅಲ್ಲೇ ಓದಲಿ ಅಂದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಮಾಲೀಕರಿಗೆ ಯಾರೋ ಹೇಳಿದರು, ಅವರು ಲ್ಯಾಬಿನಲ್ಲಿ ಎಲ್ಲರ ಮುಂದೆ ಹೇಳಿದರು, ನಿನ್ನ ಕಿವಿಗೂ ಬಿತ್ತು. ಒಂದು ಕಡೆಯೂ ನಾನು ಬಾಯಿ ಬಿಡಲಿಲ್ಲ.

ನನ್ನ ಉಯಿಲನ್ನು ಹೊಸದಾಗಿ ಬರೆಸಿದ್ದೇನೆ. ಇರುವುದರಲ್ಲಿ ಅರ್ಧ ನಿನ್ನ ಮಗಳಿಗೆ, ಅರ್ಧ ಆ ಹುಡುಗಿಗೆ. ಇಬ್ಬರೂ ನನ್ನನ್ನು ದೊಡ್ಡಮ್ಮ ಅಂತಾರೆ, ನನಗೆ ಬೇರೆ ಲೆಕ್ಕ ತೋಚಲಿಲ್ಲ. ನಿನಗೆ ಬೇಸರವಾದರೆ ನೇರವಾಗಿ ಬರೆ. ನೀನೂ ನಿನ್ನ ಯಜಮಾನರೂ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ನಿಮ್ಮದನ್ನು ಬರೆಸಿಬಿಡಿ. ಬರೆಸಿ ಬೀರುವಿನಲ್ಲಿಟ್ಟು ಮರೆಯಬೇಡಿ. ಮನೆಯಲ್ಲಿ ಏನಾದರೂ ಬದಲಾದಾಗ ತೆಗೆದು, ಇಬ್ಬರೂ ಒಟ್ಟಿಗೆ ಕೂತು ಓದಿ. ಸಾಕ್ಷಿಗೆ ಇಂಥವನೇ ಬೇಕು ಅಂತ ಕಾಯಬೇಡಿ. ಮತ್ತೆ, ಒಬ್ಬರಿಗೊಬ್ಬರು ಹೇಳಬೇಕಾದ್ದು ಏನಾದರೂ ಇದ್ದರೆ ಅದನ್ನು ಉಯಿಲಿಗೆ ಬಿಡದೆ ಊಟದ ಹೊತ್ತಿಗೆ ಹೇಳಿಬಿಡಿ.

ನಿಮ್ಮ ಅತ್ತೆಗೆ ನನ್ನ ನಮಸ್ಕಾರ. ಅವರಿಗೆ ನಿಜ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನ್ನ ಮಗಳ ತಲೆ ಮೇಲೆ ಕೈಯಿಟ್ಟು, ದೊಡ್ಡಮ್ಮ ಹರಸಿದ್ದಾಳೆ ಅಂತ ಹೇಳು. ಚೆನ್ನಾಗಿ ಓದಲಿ, ತಣ್ಣೀರು ಕುಡಿಯದಿರಲಿ. ನೀನು ನೂರು ವರ್ಷ ಹೀಗೆಯೇ ಜಗಳವಾಡಿಕೊಂಡು ಸುಖವಾಗಿರು.

ನಿನ್ನ
ಅಕ್ಕ

ಕವರಿಗೆ ಅಂಟು ಹಚ್ಚುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಆಕೆ ಈಗ ಕೆಲಸ ಮುಗಿಸಿಕೊಂಡು ಆಗಾಗ ನನ್ನ ಕೋಣೆಗೆ ಬರುತ್ತಾಳೆ. ಬರುವಾಗ ಹಣ್ಣು ತರುತ್ತಾಳೆ, ನನ್ನ ಮೊಣಕಾಲಿಗೆ ಹಚ್ಚಲು ಮುಲಾಮು ತರುತ್ತಾಳೆ. ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ, ಬೇಡ ಬೇಡ ಅಂದುಕೊಂಡೇ ನಾನು ಕೇಳುತ್ತೇನೆ: "ಅವರು ನಿಜವಾಗಲೂ ಹಾಗಂದಿದ್ರಾ?" ಆಕೆ ಪ್ರತಿ ಸಲವೂ "ಹೌದಕ್ಕ" ಅನ್ನುತ್ತಾಳೆ. ಹೋದ ಸಲ, ಕೇಳದೆಯೇ ಸ್ವಲ್ಪ ಸೇರಿಸಿದಳು, ಕಿಟಕಿ ಹತ್ತಿರ ನಿಂತುಕೊಂಡು ಹೇಳಿದ್ದರು, ಹೇಳುವಾಗ ದನಿ ಸಣ್ಣದಾಗಿತ್ತು ಅಂತ. ಅದು ಸುಳ್ಳು ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಆಕೆಗೂ ಗೊತ್ತಿರಬಹುದು. ಆದರೂ ಗುಬ್ಬಿ, ಮುಂದಿನ ಸಲ ಆಕೆ ಬಂದಾಗ ಕೇಳುವುದಿಲ್ಲ ಅಂತ ನಿನಗೆ ಮಾತು ಕೊಡಲಾರೆ.